ಬಾಸ್ ಬಿಟ್ಟು ಬೇರೆ ಮೀನಿಗೆ ಗಾಳ: ಮೊದಲು ಬಾಯಿ ನೋಡಿ

ಎಂಟು ವರ್ಷ ನಾನು ಬಾಸ್ ಎಂಬ ಸಿಹಿನೀರಿನ ಬೇಟೆ ಮೀನೊಂದನ್ನೇ ಹಿಡಿಯುತ್ತಿದ್ದೆ. ರಬ್ಬರ್ ಹುಳು ಎಸೆಯುವುದು, ಎಳೆಯುವುದು, ಮತ್ತೆ ಎಸೆಯುವುದು. ಒಂದು ಬೆಳಗ್ಗೆ ದಡದ ಪಕ್ಕದಲ್ಲೇ, ಮೊಣಕಾಲುದ್ದ ನೀರಿನಲ್ಲಿ, ದೊಡ್ಡ ಕಾರ್ಪ್ ಒಂದು ತಲೆ ಕೆಳಗೆ ಮಾಡಿ ಮಣ್ಣು ಕೆದಕುತ್ತಿತ್ತು. ಬಾಲ ನೀರಿನಿಂದ ಮೇಲೆ ಬಂದು ಅಲ್ಲಾಡುತ್ತಿತ್ತು. ಅದರ ಮೂತಿಯ ಮುಂದೆಯೇ ರಬ್ಬರ್ ಹುಳು ಬಿಟ್ಟೆ. ತಿರುಗಿ ಕೂಡ ನೋಡಲಿಲ್ಲ. ಹತ್ತು ಹದಿನೈದು ಸಲ ಎಸೆದ ಮೇಲೆ ರಾಡ್ ಕೆಳಗಿಟ್ಟು ಸುಮ್ನೆ ಕೂತು ಅದರ ಬಾಯಿ ನೋಡಿದೆ. ತುಟಿ ಕೊಳವೆಯ ಹಾಗೆ ಮುಂದಕ್ಕೆ ಚಾಚುತ್ತಿತ್ತು. ಕೆಸರನ್ನು ಹೀರಿಕೊಂಡು, ಬೇಕಾದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಉಗುಳುತ್ತಿತ್ತು. ಹೀಗೆ ತಿನ್ನುವ ಮೀನು ನನ್ನ ರಬ್ಬರ್ ಹುಳುವನ್ನು ಯಾಕೆ ಕಚ್ಚಬೇಕು?

ಅವತ್ತಿನಿಂದ ಯಾವ ಹೊಸ ಮೀನಿನ ಹಿಂದೆ ಹೋದರೂ ಮೊದಲು ಅದರ ಬಾಯಿ ನೋಡುತ್ತೇನೆ. ಬಾಸ್‌ಗೆ ಡಬ್ಬಿಯಂಥ ದೊಡ್ಡ ಬಾಯಿ. ಓಡುವುದನ್ನು ಕಂಡರೆ ಒಂದೇ ಗುಕ್ಕಿಗೆ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ನಾವು ಎಸೆದು ಎಳೆಯುವುದು. ಬೇರೆ ಬಾಯಿಗೆ ಬೇರೆ ಕೊಕ್ಕೆ, ಬೇರೆ ಎರೆ, ಬೇರೆ ತಾಳ್ಮೆ ಬೇಕು.

ಮೊದಲು ಕಾರ್ಪ್. ಬಾಸ್ ಹಿಡಿಯುವವರು ಇದನ್ನು ಕೀಳಾಗಿ ನೋಡುವುದು ನನಗೆ ನಿಜಕ್ಕೂ ಬೇಸರ. ಲೆಕ್ಕ ನೋಡಿ. ಲಾರ್ಜ್‌ಮೌತ್ ಬಾಸ್‌ನ ವಿಶ್ವ ದಾಖಲೆ ಸುಮಾರು 10 ಕಿಲೋ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನು ಸರಿಗಟ್ಟಿದರು. ಒಳ್ಳೆಯ ನೀರಿನಲ್ಲಿ 10 ಕಿಲೋ ಕಾರ್ಪ್ ಅಂಥ ಅಪರೂಪವೇನೂ ಅಲ್ಲ. ಅಷ್ಟು ತೂಕದ ಮೀನು ಒಮ್ಮೆ ಓಡಿದರೆ ರೀಲ್‌ನ ಸದ್ದೇ ಬೇರೆ.

ಕಾರ್ಪ್ ಎರೆಯನ್ನು ಹೀರಿ, ಅನುಮಾನ ಬಂದರೆ ಕ್ಷಣದಲ್ಲಿ ಉಗುಳಿಬಿಡುತ್ತದೆ. ಹಾಗಾಗಿ ಎರೆಯನ್ನು ಕೊಕ್ಕೆಗೆ ಚುಚ್ಚಬೇಡಿ, ಕೊಕ್ಕೆಯ ಪಕ್ಕ ನೇತು ಹಾಕಿ. ಇದೇ ಹೇರ್ ರಿಗ್. 1980ರ ಸುಮಾರಿಗೆ ಇಂಗ್ಲೆಂಡಿನ ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಇದನ್ನು ರೂಪಿಸಿದರು. ಮೊದಮೊದಲು ನಿಜವಾಗಿಯೂ ತಲೆಕೂದಲನ್ನೇ ಬಳಸಿದ್ದರು, ಹೆಸರು ಬಂದದ್ದು ಅದರಿಂದ. ಎರೆ ಸಡಿಲವಾಗಿ ಬಾಯೊಳಗೆ ಹೋಗುತ್ತದೆ, ಬರಿಗೊಕ್ಕೆ ಹಿಂದೆಯೇ ಹೋಗುತ್ತದೆ. ಉಗುಳುವಾಗ ಮೊನೆ ಕೆಳತುಟಿಗೆ ಸಿಕ್ಕುತ್ತದೆ.

ಕಟ್ಟುವುದು ಸುಲಭ. ಹೆಣೆದ ದಾರದ ಒಂದು ತುಂಡು ತೆಗೆದುಕೊಂಡು ತುದಿಗೆ ಚಿಕ್ಕ ಕುಣಿಕೆ ಹಾಕಿ. ಕುಣಿಕೆಗೆ ಎರಡು ಮೂರು ಮೆಕ್ಕೆಜೋಳದ ಕಾಳು ಪೋಣಿಸಿ, ಜಾರದಂತೆ ಸಣ್ಣ ಕಡ್ಡಿ ಸಿಕ್ಕಿಸಿ. 6 ಅಥವಾ 8ನೇ ನಂಬರಿನ ಕೊಕ್ಕೆಯ ಕಣ್ಣಿಗೆ ದಾರ ತೂರಿಸಿ, ಕಾಳು ಕೊಕ್ಕೆಯ ಬಾಗಿನಿಂದ ಅರ್ಧ ಸೆಂಟಿಮೀಟರ್ ಕೆಳಗೆ ಇರುವಂತೆ ಹಿಡಿಯಿರಿ. ಉಳಿದ ದಾರವನ್ನು ಕೊಕ್ಕೆಯ ಕಾಂಡಕ್ಕೆ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ. ಕೊನೆಗೆ ತುದಿಯನ್ನು ಕಣ್ಣಿನ ಹಿಂಬದಿಯಿಂದ, ಅಂದರೆ ಮೊನೆಯ ಎದುರು ಬದಿಯಿಂದ, ತೂರಿಸಿ ಎಳೆಯಿರಿ. ಒದ್ದೆ ಮಾಡಿ ಎಳೆದರೆ ಗಂಟು ಚೆನ್ನಾಗಿ ಕೂರುತ್ತದೆ. ಈ ತುಂಡು 15ರಿಂದ 20 ಸೆಂಟಿಮೀಟರ್ ಇದ್ದರೆ ಸಾಕು. ಅದರ ಮೇಲೆ 60ರಿಂದ 80 ಗ್ರಾಂ ಸೀಸ. ಮೀನು ಓಡಿದಾಗ ಆ ಭಾರವೇ ಕೊಕ್ಕೆಯನ್ನು ನಾಟಿಸುತ್ತದೆ. ದಾರ ತುಂಡಾದರೆ ಸೀಸ ಕಳಚಿ ಬೀಳುವ ಹಾಗೆ ಕಟ್ಟಲೇಬೇಕು. ಇಲ್ಲದಿದ್ದರೆ ಪಾಪ, ಮೀನು ಅದನ್ನು ಎಳೆದುಕೊಂಡೇ ತಿರುಗಬೇಕಾಗುತ್ತದೆ.

ಒಣ ಮೆಕ್ಕೆಜೋಳವಾದರೆ ಒಂದು ದಿನ ನೆನೆಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಬೇಯಿಸಿ. ಬೇಯಿಸದ ಒಣಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ, ಯಾವತ್ತೂ ಹಾಕಬೇಡಿ. ಮೂರು ದಿನ ಬೆಳಗ್ಗೆ ಸಂಜೆ ಒಂದೇ ಜಾಗಕ್ಕೆ ಎರಡು ಹಿಡಿ ಎಸೆಯಿರಿ. ನಾಲ್ಕನೇ ದಿನ ಗಾಳ ಹಾಕಿ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುವ ಜಾಗ, ನೀರು ಕದಡಿದ ಜಾಗ, ಗಾಳಿ ಬಂದು ಬಡಿಯುವ ದಡ, ಇವೇ ನಾನು ಹುಡುಕುವುದು. ದೂರ ಎಸೆಯಲೇಬೇಕು ಅಂತಿಲ್ಲ. ನನಗೆ ಸಿಕ್ಕ ದೊಡ್ಡ ಮೀನುಗಳೆಲ್ಲ ದಡದಿಂದ ಹತ್ತು ಮೀಟರ್ ಒಳಗೇ ಸಿಕ್ಕಿದ್ದು. ಆದರೆ ದಡದಲ್ಲಿ ಕಾಲು ಬಡಿದು ನಡೆಯಬೇಡಿ. ಕಾರ್ಪ್‌ನ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಸಣ್ಣ ಮೂಳೆಗಳ ಕೊಂಡಿ ಇದೆ. ಅದಕ್ಕೆ ಸದ್ದು ಚೆನ್ನಾಗಿ ಕೇಳುತ್ತದೆ.

ರೀಲ್‌ನ ಬಿಗಿ ಸಡಿಲ ಮಾಡದೆ ರಾಡ್ ಬಿಟ್ಟು ಹೋಗಬೇಡಿ. ನಾನು ಒಮ್ಮೆ ಕವೆಗೋಲಿನ ಮೇಲೆ ರಾಡ್ ಇಟ್ಟು ನೀರಿನ ಬಾಟಲಿ ತರಲು ಇಪ್ಪತ್ತು ಹೆಜ್ಜೆ ಹೋದೆ. ತಿರುಗುವಷ್ಟರಲ್ಲಿ ರಾಡ್ ನೀರಿನ ಮೇಲೆ ಜಾರಿಕೊಂಡು ಹೋಗುತ್ತಿತ್ತು. ರಾಡ್ ಹೋದದ್ದಕ್ಕಿಂತ, ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಆ ಮೀನು ಹೋಯಿತಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಕ್ಯಾಟ್‌ಫಿಶ್‌ನ ಬಾಯಿ ಅಗಲ, ಸುತ್ತ ಮೀಸೆ. ಅದರ ಮೈಯೇ ಒಂದು ನಾಲಿಗೆ ಅಂದರೆ ತಪ್ಪಿಲ್ಲ. ಚಾನೆಲ್ ಕ್ಯಾಟ್‌ಫಿಶ್‌ಗೆ ಮೀಸೆಯಲ್ಲಷ್ಟೇ ಅಲ್ಲ, ಚರ್ಮದ ಮೇಲೆಲ್ಲ ರುಚಿಮೊಗ್ಗುಗಳಿವೆ. ಕತ್ತಲಲ್ಲಿ, ಕದಡಿದ ನೀರಿನಲ್ಲಿ, ಕಣ್ಣಿಲ್ಲದೆಯೇ ಎರೆಯನ್ನು ಹುಡುಕುತ್ತದೆ. ಹಾಗಾಗಿ ಎರೆ ಚೆಂದ ಕಾಣಬೇಕಿಲ್ಲ, ವಾಸನೆ ಹರಡಬೇಕು. ಆಗಷ್ಟೇ ಕತ್ತರಿಸಿದ, ರಕ್ತ ಒಸರುವ ಮೀನಿನ ತುಂಡು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ. ಅರ್ಧ ಗಂಟೆಗೊಮ್ಮೆ ಬದಲಾಯಿಸಿ, ಬಿಳಿಚಿಕೊಂಡ ತುಂಡಿನಲ್ಲಿ ವಾಸನೆ ಉಳಿದಿರುವುದಿಲ್ಲ.

ಹಗಲಲ್ಲಿ ಕ್ಯಾಟ್‌ಫಿಶ್ ಹೊಳೆ ತಿರುಗುವ ಕಡೆ ಹೊರದಡದ ಆಳವಾದ ಮಡುವಿನಲ್ಲಿರುತ್ತದೆ. ರಾತ್ರಿ ಮೇಯಲು ಕಡಿಮೆ ಆಳದ ಕಡೆ ಬರುತ್ತದೆ. ದಾರದಲ್ಲಿ ಜಾರುವ ಸೀಸ ಹಾಕಿ, ವೃತ್ತಾಕಾರದ ಸರ್ಕಲ್ ಕೊಕ್ಕೆ ಕಟ್ಟಿ. ಬಾಸ್ ಹಿಡಿದು ರೂಢಿಯಾದ ಕೈಗೆ ಇಲ್ಲೇ ಕಷ್ಟ. ಮೀನು ಎಳೆದ ತಕ್ಷಣ ರಾಡ್ ಜಗ್ಗಬಾರದು. ಜಗ್ಗಿದರೆ ಕೊಕ್ಕೆ ಬಾಯಿಂದ ಸುಮ್ನೆ ಜಾರಿ ಬರುತ್ತದೆ. ರಾಡ್ ತಾನಾಗಿ ಬಾಗಲಿ, ಆಮೇಲೆ ನಿಧಾನಕ್ಕೆ ರೀಲ್ ಸುತ್ತಿ. ಕೊಕ್ಕೆ ಬಾಯಿಯ ಮೂಲೆಗೆ ತಾನೇ ತಿರುಗಿ ಕೂರುತ್ತದೆ. ಮೀನು ನುಂಗುವುದೂ ಕಡಿಮೆ, ಬಿಡಿಸುವುದೂ ಸಲೀಸು.

ಹಿಡಿಯುವಾಗ ಮಾತ್ರ ಹುಷಾರು. ಬೆನ್ನಿನಲ್ಲಿ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ಗಟ್ಟಿ ಮುಳ್ಳು ಇರುತ್ತದೆ. ಕೆಲವು ಜಾತಿಯಲ್ಲಿ ನಂಜೂ ಇದೆ. ನನ್ನ ಅಂಗೈಗೆ ಚುಚ್ಚಿ ಎರಡು ದಿನ ಊದಿಕೊಂಡಿತ್ತು. ಚಿಕ್ಕ ಮೀನೇ ಜಾಸ್ತಿ ಚುಚ್ಚುವುದು, ಅದರ ಮುಳ್ಳು ಇನ್ನೂ ಚೂಪು.

ಮಕ್ಕಳ ಜೊತೆ ಹೋಗುವುದಾದರೆ ಬ್ಲೂಗಿಲ್. ಬಾಯಿ ಬಟಾಣಿಯಷ್ಟು. 8 ಅಥವಾ 10ನೇ ನಂಬರಿನ ಕೊಕ್ಕೆ, ಎರೆಹುಳುವಿನ ಸಣ್ಣ ಚೂರು, ಚಿಕ್ಕ ಬೆಂಡು, ಅಷ್ಟೇ. ಇಡೀ ಹುಳು ಹಾಕಿದರೆ ತುದಿ ಕಚ್ಚಿಕೊಂಡು ಹೋಗುತ್ತವೆ. ಮೊಟ್ಟೆ ಇಡುವ ಕಾಲದಲ್ಲಿ ದಡದ ಹತ್ತಿರ ತಟ್ಟೆಯಂಥ ಗೂಡುಗಳು ಒತ್ತೊತ್ತಾಗಿ ಕಾಣುತ್ತವೆ. ಗೂಡು ಕಾಯುವ ದೊಡ್ಡ ಗಂಡುಗಳನ್ನೆಲ್ಲ ಹೊತ್ತೊಯ್ಯಬೇಡಿ. ಹಾಗೆ ಮಾಡಿದ ಕೆರೆಗಳಲ್ಲಿ ಕೊನೆಗೆ ಬೆರಳುದ್ದದ ಮೀನೇ ಉಳಿಯುತ್ತವೆ. ಕ್ರಾಪಿ ಮೀನಿಗೆ ಬಾಯಿ ಮೇಲ್ಮುಖ, ಅಂಚಿನ ಪೊರೆ ಕಾಗದದಷ್ಟು ತೆಳು. ಮುಳುಗಿದ ಕೊಂಬೆಗಳ ಮಧ್ಯೆ ಗುಂಪಾಗಿ ನಿಂತು ಮೇಲಕ್ಕೇ ನೋಡುತ್ತಿರುತ್ತದೆ. ಸಣ್ಣ ಜಿಗ್ ಅನ್ನು, ಅಂದರೆ ತಲೆಯಲ್ಲಿ ಸೀಸವಿರುವ ಕೊಕ್ಕೆಯನ್ನು, ಅದಕ್ಕಿಂತ ಒಂದಡಿ ಮೇಲೆ ಇಳಿಬಿಡಿ. ಜೋರಾಗಿ ಜಗ್ಗಿದರೆ ಬಾಯಿ ಹರಿಯುತ್ತದೆ. ವಾಲೈ ಮೀನಿನಲ್ಲಿ ಮಾತ್ರ ಬಾಯಿಗಿಂತ ಕಣ್ಣು ನೋಡಬೇಕು. ಮಂದ ಬೆಳಕಿನಲ್ಲೂ ಕಾಣುವ ಹಾಗೆ ಕಣ್ಣಿನ ಹಿಂದೆ ಹೊಳೆಯುವ ಪದರ ಇದೆ. ಮುಸ್ಸಂಜೆಯಲ್ಲೇ ಹೋಗಿ.

ಟ್ರೌಟ್ ಹರಿಯುವ ತೊರೆಯಲ್ಲಿ ನೀರು ಬರುವ ದಿಕ್ಕಿಗೇ ಮುಖ ಮಾಡಿ ನಿಂತಿರುತ್ತದೆ, ತೇಲಿ ಬರುವುದನ್ನು ಬಾಯಿ ತೆರೆದು ಹಿಡಿಯುತ್ತದೆ. ಅಂದರೆ ನೀವು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಹೋಗಬೇಕು ಅಲ್ವಾ? ಬಗ್ಗಿ ನಡೆಯಿರಿ, ನೆರಳು ನೀರಿಗೆ ಬೀಳದಿರಲಿ. ಎರಡು ಮೂರು ಗ್ರಾಂ ಸ್ಪಿನ್ನರ್ ಅನ್ನು, ಅಂದರೆ ತಿರುಗುವ ತಗಡಿನ ನಕಲಿ ಎರೆಯನ್ನು, ಹರಿವಿನ ಮೇಲ್ಗಡೆಗೆ ಎಸೆದು, ನೀರಿನ ವೇಗಕ್ಕಿಂತ ಸ್ವಲ್ಪ ಜೋರಾಗಿ ಸುತ್ತಿ. ದೊಡ್ಡ ಕಲ್ಲಿನ ಹಿಂದೆ, ಜೋರು ನೀರು ನಿಧಾನವಾಗುವ ಅಂಚಿನಲ್ಲಿ ಒಂದೆರಡು ಸಲ ಎಸೆದು ಮುಂದೆ ಹೋಗಿ. ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. 10ರಿಂದ 16 ಡಿಗ್ರಿ ಇದಕ್ಕೆ ಹಿತ. ನೀರು 20 ಡಿಗ್ರಿ ಮುಟ್ಟಿದರೆ ನಾನು ಗಾಳ ಸುತ್ತಿಕೊಂಡು ವಾಪಸ್ ಬರುತ್ತೇನೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ದಣಿದ ಟ್ರೌಟ್ ಅನ್ನು ಬಿಟ್ಟರೂ ಬದುಕುವುದು ಕಷ್ಟ.

ಇನ್ನು ಹಲ್ಲಿನ ಬಾಯಿಗಳು. ಪೈಕ್ ಮೀನಿಗೆ ಸ್ಟೀಲ್ ತಂತಿಯ ಲೀಡರ್, ಅಂದರೆ ದಾರಕ್ಕೂ ಎರೆಗೂ ನಡುವೆ ಕಟ್ಟುವ ತುಂಡು, ಇಲ್ಲದೆ ಎರೆ ಎಸೆಯಬೇಡಿ. ಸಾಮಾನ್ಯ ದಾರವನ್ನು ಕಚ್ಚಿ ತುಂಡು ಮಾಡುತ್ತದೆ. ಉದ್ದ ಮೂತಿಯ ಇಕ್ಕಳ ಕೈಗೆಟುಕುವಂತೆ ಇರಲಿ. ಜೊಂಡಿನ ಅಂಚಿನಲ್ಲಿ ಅಲುಗಾಡದೆ ಹೊಂಚು ಹಾಕುತ್ತದೆ. ಸ್ಪೂನ್, ಅಂದರೆ ಚಮಚದಂಥ ಲೋಹದ ನಕಲಿ ಎರೆ, ಎಳೆಯುತ್ತಾ ಒಮ್ಮೆ ನಿಲ್ಲಿಸಿ ನೋಡಿ, ಹೆಚ್ಚಾಗಿ ಆಗಲೇ ಹೊಡೆಯುವುದು.

ಬಾಸ್ ಹಿಡಿಯುವವರಿಗೆ ಬೇಗ ಕೈ ಹಿಡಿಯುವುದು ಕೊರವ, ಅಂದರೆ ಮುರ್ರೆಲ್, ಸ್ನೇಕ್‌ಹೆಡ್. ನಿಮ್ಮ ಕಪ್ಪೆ ಲೂರ್ (ಕಪ್ಪೆಯಂಥ ನಕಲಿ ಎರೆ), ಗಟ್ಟಿ ರಾಡ್, ಹೆಣೆದ ದಾರ ಎಲ್ಲವೂ ಇದಕ್ಕೂ ನಡೆಯುತ್ತದೆ. ಇದು ಗಾಳಿ ಕುಡಿಯಲು ಮೇಲೆ ಬರುವ ಮೀನು. ಆಗ ಎದ್ದ ಉಂಗುರ ನೋಡಿಕೊಂಡು, ಅದರಾಚೆ ಎಸೆದು, ಕಪ್ಪೆಯನ್ನು ಪಾಚಿಯ ಮೇಲೆ ಕುಣಿಸುತ್ತಾ ತನ್ನಿ. ನೀರು ಸಿಡಿದ ಕೂಡಲೇ ಜಗ್ಗಬೇಡಿ. ದಾರದಲ್ಲಿ ಭಾರ ಗೊತ್ತಾಗಲಿ, ಆಮೇಲೆ ಪೂರ್ತಿ ಬಲ ಹಾಕಿ. ದವಡೆ ಗಟ್ಟಿ. ಇದು ಹೊರಗಿನಿಂದ ಬಂದು ಹರಡಿದ ಕೆಲವು ಕಡೆ ಜೀವಂತ ಬಿಡುವುದಕ್ಕೇ ನಿಷೇಧವಿದೆ. ಹೋಗುವ ಮುಂಚೆ ಆ ಜಾಗದ ನಿಯಮ ತಿಳಿದುಕೊಳ್ಳಿ.

ಅದು ತನ್ನ ಮೂಲದ ನೀರಿನಲ್ಲೇ ಇದ್ದರೆ ಒಂದು ಕೇಳಿಕೊಳ್ಳುತ್ತೇನೆ. ಒಮ್ಮೊಮ್ಮೆ ಮೇಲ್ಗಡೆ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ಕುದಿಯುವ ನೀರಿನ ಹಾಗೆ ಕಾಣುತ್ತದೆ. ಅದರ ಕೆಳಗೇ ತಂದೆತಾಯಿ ಕಾವಲಿರುತ್ತವೆ. ಅಲ್ಲಿ ಏನು ಎಸೆದರೂ ಹೊಡೆಯುತ್ತವೆ, ಹಸಿವಿನಿಂದ ಅಲ್ಲ, ಮರಿಗಳ ಮೇಲಿನ ಕಾಳಜಿಯಿಂದ. ಅವನ್ನು ಎತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಬೇರೆ ಮೀನುಗಳು ಮರಿಗಳನ್ನು ಮುಗಿಸಲು ಶುರು ಮಾಡುತ್ತವೆ. ಆ ಕೆಂಪು ಗುಂಪು ಕಂಡ ಕಡೆ ನಾನು ಎಸೆಯುವುದಿಲ್ಲ. ದಯವಿಟ್ಟು ನೀವೂ ಎಸೆಯಬೇಡಿ.