ಶೆಲ್ಟರಿನಿಂದ ತಂದ ಬೆಕ್ಕು ಕ್ಯಾಟ್ ಶೋಗೆ ಹೋಗಬಹುದಾ? ಚುಕ್ಕಿ ಜೊತೆ ನನ್ನ ಅನುಭವ

ಹೋಗಬಹುದು. ತಳಿ ಬೇಕಿಲ್ಲ, ವಂಶಾವಳಿಯ ಕಾಗದವೂ ಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ದಾವಣಗೆರೆಯಲ್ಲಿ ಚುಕ್ಕಿಯನ್ನು ನೋಡಿದವರು ಮೊದಲು ಕೇಳೋದೇ "ಇದು ಯಾವ ಜಾತಿದು?" ಅಂತ. ಬೀದಿ ಬೆಕ್ಕು ಅಂದ ಕೂಡಲೇ "ಮತ್ತೆ ಶೋನಾಗೆ ಹೆಂಗೆ ತಗೊಂತಾರೆ?" ಅಂತ ಇನ್ನೊಂದು ಪ್ರಶ್ನೆ ಬರುತ್ತದೆ.

ಕ್ಯಾಟ್ ಶೋಗಳಲ್ಲಿ ತಳಿ ಬೆಕ್ಕುಗಳ ಜೊತೆಗೆ ಮನೆ ಬೆಕ್ಕುಗಳಿಗೂ ಒಂದು ವಿಭಾಗ ಇರುತ್ತದೆ. ಅದಕ್ಕೆ ಹೌಸ್‌ಹೋಲ್ಡ್ ಪೆಟ್ ಅನ್ನುತ್ತಾರೆ. ತಳಿ ಬೆಕ್ಕನ್ನು ಆ ತಳಿಗೆ ಬರೆದಿಟ್ಟ ಲಕ್ಷಣಗಳ ಜೊತೆ ತಾಳೆ ನೋಡಿ ಅಳೆಯುತ್ತಾರೆ. ಕಿವಿ ಇಷ್ಟು ದೂರ, ಮೂಗು ಹೀಗೆ, ಬಾಲ ಹಾಗೆ ಅಂತ. ಮನೆ ಬೆಕ್ಕಿಗೆ ಅಂಥ ಅಳತೆಯೇ ಇಲ್ಲ. ಆರೋಗ್ಯ, ಮೈಯ ಸ್ವಚ್ಛತೆ, ಸ್ವಭಾವ, ಒಟ್ಟು ಚೆಂದ, ಇಷ್ಟನ್ನೇ ನೋಡುತ್ತಾರೆ. ಟೀಕಾ, ಸಿಎಫ್‌ಎ ಎಂಬ ಬೆಕ್ಕುಗಳ ಎರಡು ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆಗಳಲ್ಲಿ 4 ತಿಂಗಳು ತುಂಬಿದ ಮರಿಗಳು ಈ ವಿಭಾಗಕ್ಕೆ ಬರಬಹುದು. 8 ತಿಂಗಳು ದಾಟಿದರೆ ಸಂತಾನಹರಣ ಆಪರೇಷನ್ ಆಗಿರಲೇಬೇಕು. ನಮ್ಮ ದೇಶದಲ್ಲಿ ಶೋಗಳನ್ನು ನಡೆಸುವ ಫೆಲೈನ್ ಕ್ಲಬ್ ಆಫ್ ಇಂಡಿಯಾ, ವರ್ಲ್ಡ್ ಕ್ಯಾಟ್ ಫೆಡರೇಷನ್ ಜೊತೆ ಸೇರಿದ್ದು. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ ಆಗುತ್ತದೆ. ಹಾಗಾಗಿ ಯಾರ ಶೋಗೆ ಹೋಗುತ್ತೀರೋ ಅವರ ನಿಯಮವನ್ನೇ ಕೇಳಿ ಓದಬೇಕು.

ಇನ್ನೊಂದು ವಿಷಯ. ಸಾವಿರಾರು ರೂಪಾಯಿ ಕೊಟ್ಟು ಅಂಗಡಿಯಲ್ಲಿ ಪರ್ಷಿಯನ್ ತಂದವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ. ಅವುಗಳಲ್ಲಿ ಹೆಚ್ಚಿನವಕ್ಕೆ ನೋಂದಣಿ ಕಾಗದವೇ ಇರೋದಿಲ್ಲ. ಕಾಗದ ಇಲ್ಲದ ಪರ್ಷಿಯನ್ನೂ ಮಂಡಿಪೇಟೆ ಗೋದಾಮಿನಲ್ಲಿ ಸಿಕ್ಕು ಶೆಲ್ಟರ್ ಸೇರಿದ್ದ ನನ್ನ ಚುಕ್ಕಿಯೂ ಮನೆ ಬೆಕ್ಕಿನ ವಿಭಾಗದಲ್ಲಿ ಅಕ್ಕಪಕ್ಕ ಕೂರಬಹುದು. ನನಗೆ ಈ ವಿಭಾಗ ಇಷ್ಟವಾಗೋದೇ ಇದಕ್ಕೆ. ಚುಕ್ಕಿಯಂಥ ನಮ್ಮ ಚುಕ್ಕೆ ಬೆಕ್ಕುಗಳಿಗೆ ಈಗ ಇಂಡಿಮೌ ಎಂಬ ಹೆಸರಲ್ಲಿ ತಳಿಯ ಮಾನ್ಯತೆಯೂ ಸಿಕ್ಕಿದೆ. ತುಂಬಾ ಸಂತೋಷದ ಸಂಗತಿ. ಆದರೂ ನಾನು ಅವಳನ್ನು ಮನೆ ಬೆಕ್ಕು ಅಂತಲೇ ಬರೆಸಿದೆ. ಅವಳು ಇರೋದೇ ಹಾಗೆ.

ಶೆಲ್ಟರಿನಲ್ಲಿ ನಾನು ಮರಿಯನ್ನು ಕೇಳಲಿಲ್ಲ, ಬೆಳೆದ ಬೆಕ್ಕನ್ನೇ ಕೇಳಿದೆ. ಮರಿಗಳಿಗೆ ಸುಮಾರು 2ರಿಂದ 7 ವಾರದ ನಡುವೆ ಮನುಷ್ಯರ ಕೈ ಅಭ್ಯಾಸ ಆಗಬೇಕು. ಆ ಕಾಲ ಹೇಗೆ ಕಳೆಯಿತು ಅನ್ನೋದು ಬೆಳೆದ ಬೆಕ್ಕಿನ ನಡವಳಿಕೆಯಲ್ಲಿ ಕಾಣುತ್ತದೆ. ಮರಿಯಲ್ಲಿ ಅದನ್ನು ಊಹೆ ಮಾಡಬೇಕಾಗುತ್ತದೆ. ನಾನು ಅಲ್ಲಿ ಸುಮ್ನೆ ನೆಲದ ಮೇಲೆ ಕೂತಿರುತ್ತಿದ್ದೆ. ಯಾರನ್ನೂ ಕರೆಯುತ್ತಿರಲಿಲ್ಲ. ಯಾರೋ ಕಬ್ಬಿಣದ ಗೇಟು ಧಡಾರ್ ಅಂತ ಹಾಕಿದಾಗ ಎಲ್ಲ ಬೆಕ್ಕುಗಳೂ ಮಂಚದಡಿ ಓಡಿದವು. ಚುಕ್ಕಿಯೂ ಓಡಿದಳು. ಆದರೆ ಎಲ್ಲರಿಗಿಂತ ಮೊದಲು ಹೊರಗೆ ಬಂದು ಗೇಟನ್ನೇ ಮೂಸಿ ನೋಡಿದಳು. ಹೆದರದ ಬೆಕ್ಕು ಅಂತ ಯಾವುದೂ ಇಲ್ಲ. ಹೆದರಿ ಬೇಗ ಸುಧಾರಿಸಿಕೊಳ್ಳುವ ಬೆಕ್ಕು ಬೇಕು. ಅವಳ ಆಪರೇಷನ್ ಆಗಲೇ ಆಗಿತ್ತು, ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಿದ್ದರು.

ಮನೆಗೆ ತಂದ ಮೇಲೆ ಮೊದಲು ಒಂದೇ ಕೋಣೆಯಲ್ಲಿ ಇಟ್ಟೆ. ನಮ್ಮಲ್ಲಿ ಕಲ್ಲು ಅನ್ನೋ ಗಂಡು ಬೆಕ್ಕು ಮೊದಲೇ ಇತ್ತು. ಹೊಸ ಬೆಕ್ಕಿನಿಂದ ಹಳೇದಕ್ಕೆ ಏನೂ ಅಂಟಬಾರದು ಅಲ್ವಾ. ಡಾಕ್ಟರು ಕಿವಿಯೊಳಗೆ ನೋಡಿದಾಗ ಕಾಫಿಪುಡಿಯಂಥ ಕರಿ ಕೊಳೆ ಇತ್ತು, ಕಿವಿ ನುಸಿ. ಬಹಳ ಬೆಕ್ಕುಗಳಿಗೆ ಇರುತ್ತದೆ, ಔಷಧಿಗೆ ಹೋಗುತ್ತದೆ. ಹುಳದ ಮಾತ್ರೆ, ರೇಬಿಸ್ ಲಸಿಕೆ, ಟ್ರೈಕ್ಯಾಟ್ ಲಸಿಕೆ ಆಯಿತು. ಟ್ರೈಕ್ಯಾಟ್ ಮೂರು ವೈರಸ್‌ಗೆ. ಅವುಗಳಲ್ಲಿ ಒಂದರಿಂದ ಬರುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ರೋಗ ಮರಿಗಳನ್ನು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಲಸಿಕೆ ಕಾರ್ಡನ್ನು ಜೋಪಾನ ಮಾಡಿ, ಶೋದವರು ಅದನ್ನೇ ಮೊದಲು ಕೇಳುತ್ತಾರೆ. ಚಿಗಟಕ್ಕೆ ನಾಯಿಗೆ ಹಾಕುವ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಾಕಲೇಬೇಡಿ. ನಾಯಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರಬಹುದು, ಅದು ಬೆಕ್ಕಿಗೆ ವಿಷ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟರೂ ಅಷ್ಟೇ, ಜೀವ ಹೋಗುತ್ತದೆ.

ಊಟದ ವಿಷಯವೇ ನಮ್ಮ ಮನೆಯಲ್ಲಿ ದೊಡ್ಡದಾಯಿತು. ನಮ್ಮದು ಲಿಂಗಾಯತರ ಮನೆ, ಮೊಟ್ಟೆಯೂ ಒಳಗೆ ಬರೋದಿಲ್ಲ. ಅತ್ತೆ ಚುಕ್ಕಿಯನ್ನು ಬಹಳ ಹಚ್ಚಿಕೊಂಡರು. ಬೆಳಿಗ್ಗೆ ಎದ್ದ ಕೂಡಲೇ ಬಟ್ಟಲಲ್ಲಿ ಹಾಲು ಅನ್ನ ಕಲಸಿ ಇಡುತ್ತಿದ್ದರು.

"ನಮ್ಮ ತವರ್ಮನ್ಯಾಗೆ ಬೆಕ್ಕು ಹಾಲು ಅನ್ನ ತಿಂದೇ ಬದುಕ್ತಿದ್ವಲ್ಲವ್ವಾ" ಅಂದರು.

"ಬದುಕ್ತಿದ್ವು ಅತ್ತೆ. ಆದ್ರೆ ಹಗೇವು, ಕಣಜದ ಹತ್ರ ಇಲಿ ಹಿಡಿದು ತಿಂತಿದ್ವಲ್ಲ. ಇವಳಿಗೆ ಈ ಮನೇಲಿ ಇಲಿ ಎಲ್ಲಿ?"

ಅವರು ಸ್ವಲ್ಪ ಹೊತ್ತು ಯೋಚಿಸಿ, "ಹೌದು ನೋಡು" ಅಂದರು.

ಬೆಕ್ಕು ಮಾಂಸಾಹಾರಿ. ನಾಯಿಯ ಹಾಗೆ ಅನ್ನ ಸಾರಿಗೆ ಹೊಂದಿಕೊಳ್ಳೋದಿಲ್ಲ. ಟಾರಿನ್ ಎಂಬ ಅಂಶ ಮಾಂಸದಲ್ಲಿ ಇರುತ್ತದೆ, ಬೆಕ್ಕಿನ ದೇಹ ಅದನ್ನು ತಾನೇ ಬೇಕಾದಷ್ಟು ಮಾಡಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಕುರುಡಾಗಬಹುದು, ಹೃದಯ ಹಿಗ್ಗಿ ಸೋಲಬಹುದು. ಇನ್ನು ಹಾಲು ಅನೇಕ ದೊಡ್ಡ ಬೆಕ್ಕುಗಳಿಗೆ ಜೀರ್ಣವೇ ಆಗೋದಿಲ್ಲ, ಭೇದಿ ಹಿಡಿಯುತ್ತದೆ. ನಾವು ಮಾಡಿದ್ದು ಇಷ್ಟೇ. ಟಾರಿನ್ ಸೇರಿಸಿದ ಸಿದ್ಧ ಕ್ಯಾಟ್ ಫುಡ್, ಒಣದು ಸ್ವಲ್ಪ, ಪೌಚಿನಲ್ಲಿ ಬರುವ ಒದ್ದೆ ಊಟ ಜಾಸ್ತಿ. ಬಟ್ಟಲು, ಚಮಚ ಎಲ್ಲ ಬೇರೆ, ಹಿತ್ತಲ ಕಟ್ಟೆಯ ಹತ್ತಿರ ಅವಳ ಜಾಗ. ಅಡುಗೆಮನೆಗೆ ಏನೂ ಬರೋದಿಲ್ಲ. ಈಗ ಪೌಚ್ ಕತ್ತರಿಸಿ ಹಾಕೋದು ಅತ್ತೆಯೇ. ಸಸ್ಯಾಹಾರಿ ಮನೆಯವರು ಬೆಕ್ಕು ಸಾಕೋದು ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಬೆಕ್ಕನ್ನು ಸಸ್ಯಾಹಾರಿ ಮಾಡುತ್ತೇವೆ ಅನ್ನೋರು ದಯವಿಟ್ಟು ಬೆಕ್ಕು ತರಬೇಡಿ. ಅವಳ ಕೂದಲಿನ ಹೊಳಪು ಬಂದದ್ದು ಊಟದಿಂದಲೇ. ಶಾಂಪೂವಿನಿಂದ ಆ ಹೊಳಪು ಬರೋದಿಲ್ಲ.

ಶೋಗೆ ತಯಾರಿ ಅಂದರೆ ಬಹುಪಾಲು ಕೈಯ ಅಭ್ಯಾಸ. ಜಡ್ಜ್ ಬೆಕ್ಕನ್ನು ಗೂಡಿನಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಬೆನ್ನು ಸವರುತ್ತಾರೆ, ಹೊಟ್ಟೆ ಮುಟ್ಟುತ್ತಾರೆ, ಕಿವಿ, ಕಣ್ಣು, ಬಾಲ ನೋಡುತ್ತಾರೆ, ಗರಿಯ ಕೋಲು ಆಡಿಸುತ್ತಾರೆ. ಇದನ್ನೆಲ್ಲ ನಾನು ಇಸ್ತ್ರಿ ಮೇಜಿನ ಮೇಲೆ ಮಾಡಿದೆ. ಮೊದಲು ಸುಮ್ನೆ ಮೇಜಿನ ಮೇಲೆ ತಿಂಡಿ. ಆಮೇಲೆ ಕಿವಿ ಮುಟ್ಟಿ ತಿಂಡಿ. ಪಂಜ ಒತ್ತಿ ಒಂದೇ ಉಗುರು ಕತ್ತರಿಸಿ ತಿಂಡಿ. ಅವಳು ತಿಂಡಿ ಬೇಡ ಅಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇಷ್ಟದ ತಿಂಡಿಯನ್ನು ಮೂಸದ ಬೆಕ್ಕು ಹೆದರಿದೆ ಅಂತಲೇ ಅರ್ಥ. ಕಿವಿ ಹಿಂದಕ್ಕೆ ಮಡಚಿದರೆ, ಕಣ್ಣಿನ ಪಾಪೆ ದೊಡ್ಡದಾದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ ಮುಂದುವರಿಸಲೇಬಾರದು.

ನನ್ನ ಕೈ ಒಂದೇ ಸಾಲದು. ತಂಗಿ ಬಂದಾಗ ಅವಳ ಕೈಗೆ ಕೊಟ್ಟೆ, ಪಕ್ಕದ ಮನೆ ಅಂಕಲ್ ಕೈಗೆ ಕೊಟ್ಟೆ. ಸೆಂಟು ಹಾಕಿದವರು, ಗಡ್ಡ ಇರುವವರು, ಬಳೆ ಸದ್ದು ಮಾಡುವವರು, ಎಲ್ಲರನ್ನೂ ಪರಿಚಯ ಮಾಡಿಸಿದೆ. ಬೆಕ್ಕನ್ನು ಒಯ್ಯುವ ಪೆಟ್ಟಿಗೆ, ಅಂದರೆ ಕ್ಯಾರಿಯರ್, ಯಾವಾಗಲೂ ಪಡಸಾಲೆಯಲ್ಲಿ ಬಾಗಿಲು ತೆರೆದೇ ಇರುತ್ತಿತ್ತು, ಅದರಲ್ಲೇ ಮಧ್ಯಾಹ್ನದ ನಿದ್ದೆ. ಬಸ್ಸು ಲಾರಿ ಸದ್ದಿಗೆ ಅಭ್ಯಾಸ ಆಗಲಿ ಅಂತ ಕಾರಿನಲ್ಲಿ ಕುಂದವಾಡ ಕೆರೆ ತನಕ ಹೋಗಿ ಬರುತ್ತಿದ್ದೆವು, ಕ್ಯಾರಿಯರ್ ತೆರೆಯದೆ. ದುಗ್ಗಮ್ಮನ ಜಾತ್ರೆಯ ಗದ್ದಲಕ್ಕಾಗಲಿ, ಗಣೇಶನ ಮೆರವಣಿಗೆಗಾಗಲಿ ಕರೆದೊಯ್ಯಲಿಲ್ಲ. ಅದು ಅಭ್ಯಾಸ ಅಲ್ಲ, ಹಿಂಸೆ.

ಕಲ್ಲುವಿಗೆ ಇದನ್ನು ಯಾವುದನ್ನೂ ಕಲಿಸಲಿಲ್ಲ. ಹೊಸಬರು ಬಂದರೆ ಅವನು ಅಟ್ಟದಿಂದ ಇಳಿಯೋದಿಲ್ಲ. ನೋಡೋಕೆ ಚುಕ್ಕಿಗಿಂತ ಚೆಂದ ಇದ್ದಾನೆ, ಆದರೆ ಅವನಿಗೆ ಶೋ ಬೇಡ.

ಬೆಂಗಳೂರಿನ ಶೋಗೆ ನಾವು ತಂಪು ಕಾಲ ನೋಡಿಕೊಂಡು ಹೋದೆವು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಬೆಕ್ಕನ್ನು ಕಾರಿನಲ್ಲಿ ಅಷ್ಟು ದೂರ ಒಯ್ಯೋದು ಸರಿಯಲ್ಲ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು 260 ಕಿ.ಮೀ. ಹೊರಡುವ ಕೆಲವು ಗಂಟೆ ಮೊದಲೇ ಊಟ ನಿಲ್ಲಿಸಿದ್ದೆ, ವಾಂತಿ ಆಗದಿರಲಿ ಅಂತ. ಕ್ಯಾರಿಯರಿಗೆ ಸೀಟ್ ಬೆಲ್ಟ್, ಮೇಲೆ ತೆಳು ಬಟ್ಟೆ. ಗಿಡ್ಡ ಕೂದಲಿನವಳಾದ್ದರಿಂದ ಸ್ನಾನವನ್ನೂ ಮಾಡಿಸಲಿಲ್ಲ. ರಬ್ಬರ್ ಬ್ರಷ್, ಒದ್ದೆ ಬಟ್ಟೆ, ಕತ್ತರಿಸಿದ ಉಗುರು, ಅಷ್ಟೇ ಅಲಂಕಾರ. ಪೌಡರ್, ಸೆಂಟು ಏನೂ ಇಲ್ಲ.

ಶೋನಲ್ಲಿ ಅವಳ ಗೂಡಿನ ಮೂರು ಬದಿಗೂ ಪರದೆ ಕಟ್ಟಿದೆ. ಒಳಗೆ ಅತ್ತೆಯ ಹಳೇ ಸೀರೆ ಹಾಸಿದ್ದೆ, ಮನೆಯ ವಾಸನೆ ಇರಲಿ ಅಂತ. ಅವಳು ಅದರೊಳಗೆ ಹೊಕ್ಕು ಮೂತಿ ಮಾತ್ರ ಹೊರಗಿಟ್ಟಳು. ಜಡ್ಜ್ ಪ್ರತಿ ಬೆಕ್ಕಿನ ನಂತರ ಕೈ ಮತ್ತು ಮೇಜು ಒರೆಸಿಕೊಳ್ಳುತ್ತಿದ್ದರು. ಚುಕ್ಕಿಯ ಕತ್ತರಿಸಿದ ಕಿವಿಯ ಮೇಲೆ ಬೆರಳಾಡಿಸಿ, ಆಪರೇಷನ್ ಗುರುತು ಅಂತ ಗೊತ್ತಾಗಿ, "ಒಳ್ಳೆ ಕೆಲಸ" ಅಂದರು. ಅದಕ್ಕೆ ಅಂಕ ಕಡಿಮೆ ಮಾಡಲಿಲ್ಲ. ಅವಳು ಗರಿಯ ಕೋಲಿಗೆ ಎರಡೂ ಪಂಜ ಎತ್ತಿ ಆಡಿದಳು. ನನಗೆ ಕಣ್ಣು ತುಂಬಿ ಬಂತು. ವಿಭಾಗದಲ್ಲಿ ಗೆದ್ದದ್ದು ಕಪ್ಪು ಬಿಳುಪಿನ ದೊಡ್ಡ ಗಂಡು ಬೆಕ್ಕು, ಅದೂ ರಸ್ತೆಯಿಂದ ಎತ್ತಿ ತಂದದ್ದೇ. ಜಡ್ಜ್ ತೋಳಿನಲ್ಲಿ ಅದು ಮಲಗಿಯೇಬಿಟ್ಟಿತು. ಗೆಲ್ಲಬೇಕಾದ ಬೆಕ್ಕೇ ಗೆದ್ದಿತು ಅನ್ನಿಸಿತು.

ವಾಪಸ್ ಬಂದ ಮೇಲಿನ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಅಷ್ಟೊಂದು ಬೆಕ್ಕುಗಳಿದ್ದ ಜಾಗದಿಂದ ಬಂದ ಚುಕ್ಕಿಯನ್ನು ಎರಡು ವಾರ ಕಲ್ಲುವಿನಿಂದ ದೂರ ಇಟ್ಟೆ. ರಿಂಗ್‌ವರ್ಮ್ ಅನ್ನೋ ಚರ್ಮದ ಬೂಸ್ಟು ರೋಗ ಅಂಟಿದ್ದರೆ ಅದು ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ದಿನಾ ಬೆಳಕಿನಲ್ಲಿ ಕಿವಿಯ ಅಂಚು, ಮೂತಿ, ಪಂಜಗಳಲ್ಲಿ ಕೂದಲು ಉದುರಿದ ದುಂಡನೆ ಜಾಗ ಇದೆಯಾ ಅಂತ ನೋಡುತ್ತಿದ್ದೆ. ಸೀರೆ, ಪರದೆ, ಕ್ಯಾರಿಯರ್ ಎಲ್ಲ ತೊಳೆದು ಬಿಸಿಲಿಗೆ ಹಾಕಿದೆ. ಏನೂ ಆಗಲಿಲ್ಲ, ಮೂರನೇ ವಾರಕ್ಕೆ ಇಬ್ಬರೂ ಒಟ್ಟಿಗೆ ಊಟಕ್ಕೆ ಬಂದರು.