ಹೆಚ್ಚು ಓಡಿದ ಹಳೆಯ ಕಾರು ಕೊಂಡ ಮೇಲೆ ಏನು ನೋಡಬೇಕು, ಏನು ಬದಲಿಸಬೇಕು

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರು ಕೈಗೆ ಬಂದಾಗ, ಹಿಂದಿನವರು ಮಾಡಿಸಿದ್ದರ ಜೊತೆಗೆ ಮಾಡಿಸದೆ ಬಿಟ್ಟದ್ದೂ ನಿಮ್ಮ ಪಾಲಿಗೆ ಬರುತ್ತದೆ. ‘ಬೆಲ್ಟ್ ಹಾಕಿಸಿಯಾಗಿದೆ, ಆಯಿಲ್ ಮೊನ್ನೆಯಷ್ಟೇ ಬದಲಿಸಿದ್ದು’ ಎಂಬ ಮಾತಿಗೆ ಬಿಲ್ ಇದ್ದು, ಬಿಲ್ಲಿನ ಮೇಲೆ ತಾರೀಖು ಮತ್ತು ಕಿಲೋಮೀಟರ್ ಎರಡೂ ಇದ್ದರೆ ನಂಬಿ. ಇಲ್ಲದಿದ್ದರೆ ಆ ಕೆಲಸ ಆಗಿಲ್ಲವೆಂದೇ ಲೆಕ್ಕ ಹಿಡಿಯಿರಿ. ಹಾಗೆಂದು ಕಂಡ ಕಂಡದ್ದನ್ನೆಲ್ಲ ಬದಲಿಸುತ್ತ ಹೋಗಬೇಕಿಲ್ಲ. ಕೆಟ್ಟರೆ ಜೀವಕ್ಕೆ ಅಪಾಯ ತರುವುದು ಮೊದಲು, ಇಂಜಿನ್ನನ್ನೇ ನುಂಗುವುದು ಆಮೇಲೆ, ಉಳಿದದ್ದೆಲ್ಲ ನಿಧಾನವಾಗಿ.

ಸ್ಪ್ಯಾನರ್ ಹಿಡಿಯುವ ಮೊದಲು

ಇಂಜಿನ್ ಭಾಗವನ್ನು ನೀರು ಹಾಕಿ ತೊಳೆಯಬೇಡಿ. ಎಣ್ಣೆ ಎಲ್ಲಿಂದ ಜಿನುಗುತ್ತಿದೆ ಎಂಬ ಗುರುತು ಅದರೊಂದಿಗೇ ಹೋಗಿಬಿಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಬಾನೆಟ್ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ, ಕಿವಿಗೊಟ್ಟು ಕೇಳಿ. ಮೊದಲ ಎರಡು ಮೂರು ಸೆಕೆಂಡ್ ಸರಪಳಿ ಅಲುಗಾಡಿದ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ (ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದಿರುವ ಸಾಧ್ಯತೆ ಇದೆ. ಸೈಲೆನ್ಸರಿನಿಂದ ಸ್ಟಾರ್ಟ್ ಆದ ಕೂಡಲೇ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗು. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ಫಾಲ್ಟ್ ಕೋಡ್ ಒಂದೂ ಇಲ್ಲವೆಂದು ಸಮಾಧಾನಪಡಬೇಡಿ. ಅದೇ ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಎಂಬ ಪಟ್ಟಿ ಇರುತ್ತದೆ. ಅಲ್ಲಿ ಹಲವು ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದು ತೋರಿಸಿದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಕೆಲವು ದಿನ ಓಡಿಸಿ ಮತ್ತೆ ನೋಡಿ.

ಬ್ರೇಕ್ ಮತ್ತು ಟೈರ್

ನಾಲ್ಕೂ ಚಕ್ರ ಕಳಚಿ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿರಬೇಕು. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು. ಪ್ಯಾಡಿನ ಸವೆಯುವ ಭಾಗ 3 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಬದಲಿಸಿ, ಒಂದೇ ಆಕ್ಸಲಿನ ಎರಡೂ ಬದಿಗೆ ಒಟ್ಟಿಗೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಒಂದು ಪ್ಯಾಡ್ ತೀರಾ ಸವೆದು ಅದೇ ಚಕ್ರದ ಇನ್ನೊಂದು ದಪ್ಪಗೇ ಉಳಿದಿದ್ದರೆ ಪ್ಯಾಡ್ ಬದಲಿಸಿದರೆ ಸಾಲದು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ಸಾಮಾನ್ಯವಾಗಿ ಹಿಡಿದುಕೊಂಡಿರುತ್ತದೆ. ಅದನ್ನು ತೆಗೆದು, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಬಿಗಿಮಾಡುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಇದನ್ನು ಹಳೆಯ ಕಾರುಗಳಲ್ಲಿ ಯಾರೂ ಮುಟ್ಟಿರುವುದಿಲ್ಲ. ಪೂರ್ತಿ ಬದಲಿಸಲು ಸಾಮಾನ್ಯವಾಗಿ ಒಂದು ಲೀಟರ್ ಸಾಕು. ಸಿಲಿಕೋನಿನ ಡಾಟ್ 5 ಬೇರೆಯೇ ವಸ್ತು, ಇದರೊಂದಿಗೆ ಬೆರೆಸಬಾರದು.

ಇನ್ನೊಬ್ಬರಿಂದ ಪೆಡಲ್ ಒತ್ತಿಸಿ ಆಯಿಲ್ ತೆಗೆಯುವುದಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ದಬ್ಬುವ ಮಾಸ್ಟರ್ ಸಿಲಿಂಡರ್ ಹಳೆಯದಾದರೆ, ಅದರಲ್ಲಿ ರಬ್ಬರ್ ಸೀಲು ದಿನವೂ ಓಡಾಡುವಷ್ಟು ಜಾಗ ಮಾತ್ರ ನುಣುಪಾಗಿರುತ್ತದೆ. ಅದರಾಚೆ ತುಕ್ಕು, ಕಸ ಕೂತಿರುತ್ತದೆ. ಪೆಡಲನ್ನು ತಳ ಮುಟ್ಟುವವರೆಗೆ ಒತ್ತಿದರೆ ಸೀಲು ಅಲ್ಲಿಗೆ ಹೋಗಿ ಹರಿಯುತ್ತದೆ. ಚೆನ್ನಾಗಿದ್ದ ಬ್ರೇಕು ಆಯಿಲ್ ಬದಲಿಸಿದ ಮೇಲೆ ಕೆಟ್ಟಿತು ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಮೇಲಿನ ಡಬ್ಬಿ ಬರಿದಾಗಲೂ ಬಿಡಬೇಡಿ. ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರೆ ಹೊರತೆಗೆಯಲು ಹಲವು ಗಾಡಿಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ.

ಟೈರಿನ ಪಕ್ಕದ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರನ್ನು ಟ್ರೆಡ್ಡಿನ ಗೀರು ಇನ್ನೂ ಎಷ್ಟೇ ಆಳವಿದ್ದರೂ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಮಾತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಬುಶ್ ಹೋಗಿದೆ. ಅಲ್ಲಲ್ಲಿ ಕುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿ.

ಟೈಮಿಂಗ್ ಬೆಲ್ಟ್

ನಿಮ್ಮ ಇಂಜಿನ್ನಿಗೆ ಇರುವುದು ಬೆಲ್ಟೋ ಚೈನೋ ಎಂದು ಮೊದಲು ತಿಳಿದುಕೊಳ್ಳಿ. ಬೆಲ್ಟಾದರೆ, ಬದಲಿಸಿದ್ದಕ್ಕೆ ಕಾಗದವಿಲ್ಲದಿದ್ದರೆ, ಮುಂದಿನ ದೂರ ಪ್ರಯಾಣಕ್ಕೆ ಮೊದಲೇ ಹಾಕಿಸಿ. ಹೆಚ್ಚಿನ ಗಾಡಿಗಳಿಗೆ ಅವಧಿ 60,000ದಿಂದ 1,00,000 ಕಿಲೋಮೀಟರ್ ನಡುವೆ ಇರುತ್ತದೆ, ಕೆಲವಕ್ಕೆ ಅದಕ್ಕಿಂತ ಹೆಚ್ಚು. ಜೊತೆಗೆ ವರ್ಷಗಳ ಮಿತಿಯೂ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಮೇಲಿನ ಮುಚ್ಚಳ ಸರಿಸಿ ನೋಡಿ ‘ಬಿರುಕಿಲ್ಲ, ಚೆನ್ನಾಗಿದೆ’ ಎನ್ನುವ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ, ನೋಡಲು ಸರಿಯಾಗಿಯೇ ಇದ್ದ ಬೆಲ್ಟಿನ ಹಲ್ಲೂ ಕಿತ್ತುಬರುತ್ತದೆ. ಬಹುಪಾಲು ಇಂಜಿನ್ನುಗಳಲ್ಲಿ ಬೆಲ್ಟ್ ಹರಿದ ಕೂಡಲೇ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಅಲ್ಲಿಗೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಲೇಬೇಕು.

ಬೆಲ್ಟ್ ಒಂದನ್ನೇ ಹಾಕಿಸುವುದು ತಪ್ಪು ಉಳಿತಾಯ. ಟೆನ್ಷನರ್, ಐಡ್ಲರ್ ರೋಲರ್, ಬೆಲ್ಟಿನಿಂದಲೇ ತಿರುಗುವುದಾದರೆ ವಾಟರ್ ಪಂಪ್, ಇವೆಲ್ಲ ಒಟ್ಟಿಗೆ ಬದಲಾಗಲಿ. ರೋಲರಿನ ಬೇರಿಂಗ್ ಹಿಡಿದುಕೊಂಡರೂ, ಪಂಪ್ ಸೋರಿ ಕೂಲೆಂಟ್ ಬಿದ್ದರೂ ಹೊಸ ಬೆಲ್ಟೇ ಹಾಳಾಗುವುದು. ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲುಗಳಲ್ಲಿ ಎಣ್ಣೆ ಕಂಡರೆ ಅವನ್ನೂ ಆಗಲೇ ಬದಲಿಸಿ, ಏಕೆಂದರೆ ಬಿಚ್ಚುವ ಕೂಲಿ ಒಂದೇ. ಬೆಲ್ಟ್ ಕೂರಿಸಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ, ಕೈಯಲ್ಲೇ, ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಗ್ಯಾರೇಜಿನಲ್ಲಿ ಮಾಡಿಸುವವರೂ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಕೆಲವು ಹೊಸ ಬಗೆಯ ಇಂಜಿನ್ನುಗಳಲ್ಲಿ ಬೆಲ್ಟ್ ಎಣ್ಣೆಯಲ್ಲೇ ಓಡುತ್ತದೆ. ಅಲ್ಲಿ ತಪ್ಪು ಆಯಿಲ್ ಹಾಕಿದರೆ ಬೆಲ್ಟ್ ಪುಡಿಪುಡಿಯಾಗಿ, ಆ ಪುಡಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿಬಿಡುತ್ತದೆ.

ಇಂಜಿನ್ ಆಯಿಲ್

ಮೊದಲ ವಾರದಲ್ಲೇ ಬದಲಿಸಿ, ಫಿಲ್ಟರ್ ಸಮೇತ. ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಇಳಿಸಿದರೆ ಕೊಳೆ ಎಣ್ಣೆಯೊಂದಿಗೇ ಬರುತ್ತದೆ. ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಹಳೆಯ ಫಿಲ್ಟರ್ ಕಳಚಿದಾಗ ಅದರ ರಬ್ಬರ್ ರಿಂಗ್ ಅದರೊಂದಿಗೇ ಬಂದಿದೆಯೇ ನೋಡಿ. ಅದು ಇಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೆ, ಓಡುತ್ತಿರುವಾಗಲೇ ಎಣ್ಣೆಯೆಲ್ಲ ಚೆಲ್ಲಿಹೋಗುತ್ತದೆ. ಹೊಸ ರಿಂಗಿಗೆ ತುಸು ಎಣ್ಣೆ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಡ್ಡಿಯಲ್ಲಿ ಅಳೆದು ಉಳಿದದ್ದನ್ನು ತುಂಬಿಸಿ.

ಇಳಿಸಿದ ಎಣ್ಣೆಯನ್ನು ಸುಮ್ಮನೆ ಸುರಿದುಬಿಡಬೇಡಿ. ಬಿಸಿಲಿನಲ್ಲಿ ಬಗ್ಗಿಸಿ ನೋಡಿ. ಮಸಿ ಬಣ್ಣ ಚಿಂತೆಯ ವಿಷಯವಲ್ಲ. ತಾಮ್ರದ ಹೊಳಪಿನ ಚೂರುಗಳು ಕಂಡರೆ ಬೇರಿಂಗ್ ಸವೆಯುತ್ತಿದೆ. ಕಾಫಿಗೆ ಹಾಲು ಬೆರೆಸಿದಂಥ ಬಣ್ಣವಿದ್ದರೆ ನೀರು ಸೇರಿದೆ.

ಒಳಗೆ ಜಿಡ್ಡು ಕಟ್ಟಿರುವ ಇಂಜಿನ್ನಿಗೆ ಫ್ಲಶ್ ಡಬ್ಬಿ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ಒಮ್ಮೆಲೇ ಕಿತ್ತುಬಂದ ಜಿಡ್ಡು ಜಾಲರಿಗೆ ಸಿಕ್ಕಿಕೊಂಡರೆ ಎಣ್ಣೆಯ ಒತ್ತಡವೇ ಬೀಳುತ್ತದೆ. ಅದರ ಬದಲು ಒಳ್ಳೆಯ ಆಯಿಲನ್ನೇ 2,000–3,000 ಕಿಲೋಮೀಟರಿಗೆ ಒಮ್ಮೆಯಂತೆ ಎರಡು ಮೂರು ಸಲ ಬದಲಿಸಿ. ‘ಹಳೆ ಇಂಜಿನ್ನು, ದಪ್ಪ ಆಯಿಲ್ ಹಾಕಿ’ ಎಂಬ ಸಲಹೆಯೂ ಬೇಡ. ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತವೆ, ಕೈಪಿಡಿಯ ಗ್ರೇಡೇ ಸರಿ.

ಆಮೇಲೆ ವಾರಕ್ಕೊಮ್ಮೆ ಕಡ್ಡಿ ನೋಡಿ. ಎಣ್ಣೆ ಬೇಗ ಇಳಿಯುತ್ತಿದ್ದರೆ, ಅಥವಾ ಹಲವು ಕಡೆ ಸೀಲು ಜಿನುಗುತ್ತಿದ್ದರೆ ಮೊದಲು ಪಿಸಿವಿ ವಾಲ್ವ್ (ಇಂಜಿನ್ನಿನೊಳಗೆ ಸೇರುವ ಅನಿಲವನ್ನು ಹೊರಬಿಡುವ ಕವಾಟ) ಬದಲಿಸಿ. ಅದು ಕಟ್ಟಿಕೊಂಡರೆ ಇಂಜಿನ್ನಿನ ಒಳಗಿನ ಒತ್ತಡ ಸೀಲುಗಳ ಮೂಲಕವೇ ಎಣ್ಣೆಯನ್ನು ಹೊರದಬ್ಬುತ್ತದೆ. ಅದನ್ನು ಬಿಟ್ಟು ಸೀಲು ಹಾಕಿಸಿದರೆ ಹೊಸ ಸೀಲೂ ಸೋರುತ್ತದೆ.

ಕೂಲೆಂಟ್

ಬಿಸಿ ಇಂಜಿನ್ನಿನ ಕ್ಯಾಪ್ ಎಂದೂ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಬರೀ ನೀರು ಹಾಕಿ ಓಡಿಸಿದ್ದಾರೆ. ಅದನ್ನಿಳಿಸಿ, ಕೆಳಗೆ ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಇಲ್ಲೊಂದು ಲೆಕ್ಕ ತಪ್ಪುತ್ತದೆ: ತೊಳೆದ ನೀರಿನಲ್ಲಿ ಎರಡು ಲೀಟರಿನಷ್ಟು ಬ್ಲಾಕಿನಲ್ಲೇ ಉಳಿಯಬಹುದು. ಅದರ ಮೇಲೆ 50:50 ಬೆರೆಸಿದ್ದನ್ನೇ ತುಂಬಿದರೆ ಕೂಲೆಂಟ್ ತೆಳುವಾಗುತ್ತದೆ. ಒಟ್ಟು ಸಾಮರ್ಥ್ಯ 6 ಲೀಟರ್ ಆದರೆ 3 ಲೀಟರ್ ನೀರು ಬೆರೆಸದ ಕೂಲೆಂಟನ್ನು ಮೊದಲು ಹಾಕಿ, ಆಮೇಲೆ ಡಿಸ್ಟಿಲ್ಡ್ ನೀರಿನಿಂದ ತುಂಬಿಸಿ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ. ಬಣ್ಣ ಒಂದೇ ಇದ್ದರೂ ಒಳಗಿನ ರಾಸಾಯನಿಕ ಬೇರೆಯಿರಬಹುದು.

ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಒತ್ತಿದರೆ ಮೆತ್ತಗಾದ ಅಥವಾ ಬಿರುಕುಬಿಟ್ಟ ಹೋಸುಗಳನ್ನು ಬದಲಿಸಿ. ಹೀಟರನ್ನು ಪೂರ್ತಿ ಬಿಸಿಗಿಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ. ತಣ್ಣಗಾದ ಮೇಲೆ ಮಟ್ಟ ನೋಡಿ.

ಗೇರ್‌ಬಾಕ್ಸ್

ಬೋಲ್ಟ್ ಇರುವ ಗೇರ್‌ಬಾಕ್ಸಿನಲ್ಲಿ ಮೊದಲು ತುಂಬುವ ಬೋಲ್ಟ್ ತೆಗೆಯಿರಿ, ಆಮೇಲೆ ಇಳಿಸುವ ಬೋಲ್ಟ್. ಎಣ್ಣೆ ಇಳಿಸಿದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಬಾರದೆ ಹೋದರೆ ಗಾಡಿ ಅಲ್ಲೇ ನಿಂತಂತೆ. ಮ್ಯಾನುಯಲ್ ಗೇರಿಗೆ ಕೈಪಿಡಿ ಜಿಎಲ್-4 ದರ್ಜೆಯ ಆಯಿಲ್ ಹೇಳಿದ್ದರೆ ಜಿಎಲ್-5 ಹಾಕಬೇಡಿ, ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಗೇರು ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಆಟೊಮ್ಯಾಟಿಕ್ ಗೇರಿನ ಆಯಿಲ್ ‘ಜೀವಮಾನಕ್ಕೆ ಒಂದೇ’ ಎಂದು ಬರೆದಿದ್ದರೂ ಬದಲಿಸಿ. ಯಂತ್ರದಿಂದ ಒತ್ತಿ ತೊಳೆಸುವುದಕ್ಕಿಂತ, ಇಳಿದಷ್ಟನ್ನೇ ಅಳೆದು ಅಷ್ಟೇ ತುಂಬಿ, ಕೆಲವು ಸಾವಿರ ಕಿಲೋಮೀಟರ್ ಬಿಟ್ಟು ಮತ್ತೊಮ್ಮೆ ಹಾಗೆಯೇ ಮಾಡುವುದು ಒಳ್ಳೆಯದು. ಆದರೆ ಗೇರು ಈಗಾಗಲೇ ಜಾರುತ್ತಿದ್ದು, ಆಯಿಲ್ ಸುಟ್ಟ ವಾಸನೆ ಬರುತ್ತಿದ್ದರೆ ಹೊಸ ಆಯಿಲ್ ಅದನ್ನು ಸರಿಮಾಡದು. ಸಿವಿಟಿಗೆ (ಮೆಟ್ಟಿಲುಗಳಿಲ್ಲದೆ ಅನುಪಾತ ಬದಲಿಸುವ ಆಟೊಮ್ಯಾಟಿಕ್ ಬಗೆ) ಅದರದ್ದೇ ಆಯಿಲ್, ಬೇರೆ ಯಾವುದೂ ಆಗುವುದಿಲ್ಲ.

ಉಳಿದದ್ದು

ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ವೈಪರ್ ಬ್ಲೇಡ್ ನೋಡುವ ಮೊದಲೇ ತಂದಿಟ್ಟುಕೊಳ್ಳಿ. ಡೀಸೆಲ್ ಆದರೆ ಫ್ಯುಯಲ್ ಫಿಲ್ಟರ್ ಕೂಡ. ಸ್ಪಾರ್ಕ್ ಪ್ಲಗ್ಗನ್ನು ತಣ್ಣಗಿನ ಇಂಜಿನ್ನಿನಲ್ಲೇ ತೆಗೆದು, ಹೊಸದನ್ನು ಬೆರಳಿನಿಂದ ತಿರುಗಿಸಿ ಕೂರಿಸಿ. ಮೊದಲ ಸುತ್ತಿಗೇ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಹೋಗುತ್ತದೆ. ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 13.8ರಿಂದ 14.5. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುವುದುಂಟು.

ಚಕ್ರದ ಒಳಬದಿಯಲ್ಲಿ ಆಕ್ಸಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದ್ದರೆ, ಇನ್ನೂ ಟಕಟಕ ಸದ್ದು ಬಂದಿಲ್ಲವಾದರೆ, ಬೂಟ್ ಮಾತ್ರ ಬದಲಿಸಿದರೆ ಸಾಕು. ಸದ್ದು ಶುರುವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕು. ಬಾಲ್ ಜಾಯಿಂಟ್, ಬುಶ್, ಶಾಕ್ ಅಬ್ಸಾರ್ಬರ್ ಕೆಲಸವೆಲ್ಲ ಮುಗಿಸಿಯೇ ಅಲೈನ್‌ಮೆಂಟ್ ಮಾಡಿಸಿ. ಮೊದಲೇ ಮಾಡಿಸಿದರೆ ಎರಡನೇ ಸಲ ಮಾಡಿಸಬೇಕಾಗುತ್ತದೆ. ಚಕ್ರ ಕಳಚಿ ಹಾಕಿದ ಮೇಲೆ 50–100 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ನೋಡಿ. ಏನು ಬದಲಾಯಿತು, ಯಾವ ಗ್ರೇಡು, ಎಷ್ಟು ಕಿಲೋಮೀಟರಿಗೆ ಎಂಬುದನ್ನು ಬಿಲ್ಲುಗಳ ಜೊತೆ ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಡಿ.