ಬೀದಿ ಬೆಕ್ಕು ಮನೆಗೆ ಬಂತಾ? ಮೊದಲ ಎರಡು ತಿಂಗಳು ಹೀಗೆ ನೋಡಿಕೊಳ್ಳಿ

ಬೀದಿಯಲ್ಲಿ ಬೆಳೆದ ಬೆಕ್ಕು ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಅಲ್ಲಿ ಉಳಿಗಾಲವಿಲ್ಲ. ನೋವಾದರೆ ಮೂಲೆ ಸೇರಿ ಮುದುಡಿ ಕೂರುತ್ತದೆ, ಅಷ್ಟೇ. ನಾವು "ಪಾಪ, ಹೊಸ ಜಾಗ ಅಂತ ಹೆದರಿದೆ" ಅಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ. ಹಾಗಾಗಿ ಔಷಧಿ, ಲಸಿಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಸಣ್ಣ ನೋಟ್‌ಬುಕ್. ತಟ್ಟೆಯಲ್ಲಿ ಎಷ್ಟು ಉಳಿಯಿತು, ಮಲಮೂತ್ರದ ಟ್ರೇಯಲ್ಲಿ ಏನು ಬಿತ್ತು, ಎಷ್ಟು ಸಲ ಸೀನಿತು, ದಿನಕ್ಕೆ ಎರಡೇ ಸಾಲು ಬರೆದಿಡಿ. ಡಾಕ್ಟರ್ ಕೇಳುವುದೂ ಇದನ್ನೇ.

ಮೊದಲು ಒಂದು ಕೋಣೆ

ಇಡೀ ಮನೆ ತೋರಿಸುವ ಆತುರ ಬೇಡ. ಬಾಗಿಲು ಹಾಕಬಹುದಾದ ಒಂದು ಸಣ್ಣ ಕೋಣೆ ಸಾಕು. ಒಂದು ಮೂಲೆಯಲ್ಲಿ ಊಟ, ನೀರು ಇಡಿ. ಅದರಿಂದ ದೂರದ ಮೂಲೆಯಲ್ಲಿ ಲಿಟರ್ (ಮಲಮೂತ್ರ ಹೀರಿಕೊಳ್ಳುವ ಹರಳುಪುಡಿ) ತುಂಬಿದ ಟ್ರೇ ಇಡಿ. ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ, ಒಳಗೆ ಹಳೇ ಟವೆಲ್ ಹಾಸಿ. ಅಡಗಲು ಜಾಗ ಇದ್ದರೆ ಬೆಕ್ಕಿಗೆ ಧೈರ್ಯ. ಇಲ್ಲದಿದ್ದರೆ ಕಪಾಟಿನ ಹಿಂದೆ ತೂರಿಕೊಂಡು ಎರಡು ದಿನ ಮುಖವನ್ನೇ ತೋರಿಸುವುದಿಲ್ಲ. ಮಣ್ಣು ಕೆದಕಿ ಅಭ್ಯಾಸವಾದ ಬೆಕ್ಕು ಲಿಟರ್ ನೋಡಿ ಮೂಗು ಮುರಿದರೆ, ಮೊದಲ ಕೆಲವು ದಿನ ಅದರ ಮೇಲೆ ಒಂದಿಷ್ಟು ಒಣ ಮಣ್ಣು ಉದುರಿಸಿ.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಕನಿಷ್ಠ ಎರಡು ವಾರ ಆ ಬಾಗಿಲು ತೆರೆಯಬಾರದು. ನಾನು ಮೊದಲ ಸಲ ಎಡವಿದ್ದು ಇಲ್ಲೇ. "ಚೆನ್ನಾಗೇ ಇದೆಯಲ್ಲ" ಅಂತ ಎರಡನೇ ದಿನವೇ ಬಾಗಿಲು ತೆಗೆದೆ. ವಾರ ಕಳೆಯುವಷ್ಟರಲ್ಲಿ ಹೊಸದರ ಜೊತೆ ಹಳೇ ಬೆಕ್ಕೂ ಸೀನತೊಡಗಿತು. ಎರಡಕ್ಕೂ ಕಣ್ಣಲ್ಲಿ ಪಿಸುರು. ಬೆಕ್ಕಿಗೆ ಶೀತ ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು ಮೈ ಸೇರಿದ ಮೇಲೂ ಹೊರಗೆ ಕಾಣಿಸಿಕೊಳ್ಳಲು ಕೆಲವು ದಿನ ಬೇಕು. ಪ್ಯಾನ್‌ಲ್ಯೂಕೋಪೀನಿಯಾ ಅಂತ ಇನ್ನೊಂದಿದೆ, ಮರಿಗಳ ಪಾಲಿಗೆ ಅದು ಯಮ. ಅದರ ವೈರಸ್ ನೆಲ, ಬಟ್ಟೆ, ಚಪ್ಪಲಿಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬರೀ ಸೋಪಿಗೆ ಜಗ್ಗುವುದಿಲ್ಲ. ಹಾಗಾಗಿ ತಟ್ಟೆ, ಟ್ರೇ ಎಲ್ಲ ಬೇರೆ ಬೇರೆ ಇರಲಿ. ಹೊಸ ಬೆಕ್ಕನ್ನು ಮುಟ್ಟಿದ ಮೇಲೆ ಕೈ ತೊಳೆದೇ ಹಳೇ ಬೆಕ್ಕಿನ ಹತ್ತಿರ ಹೋಗಿ.

ಕೈಗೆ ಸಿಕ್ಕಾಗ ಏನು ನೋಡಬೇಕು

ಮೊದಲು ಚಿಗಟ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಬಿಳಿ ಕಾಗದ ಅಥವಾ ಟಿಶ್ಯೂ ಒದ್ದೆ ಮಾಡಿ ಬೆಕ್ಕಿನ ಪಕ್ಕದಲ್ಲಿಡಿ. ಬಾಲದ ಬುಡದ ಹತ್ತಿರ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಕಾಗದದ ಮೇಲೆ ಕರಿ ಪುಡಿ ಉದುರುತ್ತದೆ. ಸ್ವಲ್ಪ ಹೊತ್ತು ಕಾಯಿರಿ. ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿತಾ? ಹಾಗಾದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಬೆಕ್ಕಿನ ರಕ್ತ ಕುಡಿದು ಹಾಕಿದ್ದು, ಅದಕ್ಕೇ ಆ ಕೆಂಪು. ಪುಟ್ಟ ಮರಿಗೆ ಚಿಗಟ ಜಾಸ್ತಿಯಾದರೆ ರಕ್ತಹೀನತೆಯಾಗಿ ಜೀವಕ್ಕೇ ಅಪಾಯ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. "ಸ್ವಲ್ಪ ಹಾಕಿದರೆ ಏನಾಗತ್ತೆ" ಅನ್ನಬೇಡಿ. ನಾಯಿಗೆ ಹಾಕುವ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ದೇಹಕ್ಕೆ ಅದನ್ನು ಒಡೆದು ಹೊರಹಾಕಲು ಬರುವುದಿಲ್ಲ. ನಡುಕ, ಸೆಳವು ಶುರುವಾಗಿ ಬೆಕ್ಕು ಸತ್ತೇ ಹೋಗಬಹುದು. ಮೈ ಬಿಸಿಯಾಗಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ. ಒಂದೇ ಒಂದು ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು.

ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕೊಳೆ ಇದ್ದು, ಬೆಕ್ಕು ಸದಾ ಕಿವಿ ಕೆರೆದುಕೊಳ್ಳುತ್ತಿದ್ದರೆ ಅದು ಕಿವಿಯ ನುಸಿಹುಳು ಇರಬಹುದು. ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿಕೊಂಡಿದ್ದರೆ ಲಾಡಿಹುಳು. ಹೆಚ್ಚಾಗಿ ಚಿಗಟವನ್ನು ನುಂಗಿ ಬೆಕ್ಕಿಗೆ ಇದು ಬರುವುದು. ಹಾಗಾಗಿ ಚಿಗಟ ಹೋಗದೆ ಈ ಹುಳು ಪೂರ್ತಿ ಹೋಗುವುದಿಲ್ಲ. ಮುಖ, ಕಿವಿ, ಕಾಲಿನ ಮೇಲೆ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿಯ ಅನುಮಾನ. ಹೆಸರಿನಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಮನುಷ್ಯರಿಗೂ ಅಂಟುತ್ತದೆ. ಡಾಕ್ಟರ್ ನೋಡುವವರೆಗೆ ಮಕ್ಕಳು ಮುದ್ದಾಡದಿರಲಿ.

ಕೊನೆಗೆ ತುಟಿ ಎತ್ತಿ ಒಸಡು ನೋಡಿ, ಬೆಕ್ಕು ಬಿಟ್ಟರೆ ಮಾತ್ರ. ಗುಲಾಬಿ ಬಣ್ಣ ಸರಿ. ಬಿಳಿಚಿದ್ದರೆ, ಹಳದಿಯಾಗಿದ್ದರೆ ತಡ ಮಾಡಬೇಡಿ. ನಮ್ಮ ಮನೆಗೆ ಬಂದ ಬೂದು ಬಣ್ಣದ ಹೆಣ್ಣುಬೆಕ್ಕು ಊಟದ ಸದ್ದು ಕೇಳಿದ ಕೂಡಲೇ ಓಡಿ ಬರುತ್ತಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡು, ತಲೆ ಓರೆ ಮಾಡಿ, ಪಟ್ಟನೆ ಕೆಳಗೆ ಬೀಳಿಸಿ, ತಟ್ಟೆಗೇ ಬುಸ್ ಅಂದು ಹಿಂದೆ ಸರಿಯುತ್ತಿತ್ತು. ಎಲ್ಲಾ ಸೊಕ್ಕು ಅಂದುಕೊಂಡೆ. ಡಾಕ್ಟರ್ ತುಟಿ ಎತ್ತಿದರು. ಒಸಡಿನ ಉದ್ದಕ್ಕೂ ಕೆಂಪು ಗೆರೆ, ಒಂದು ಕೋರೆಹಲ್ಲು ಅರ್ಧ ಮುರಿದಿತ್ತು. ಹಸಿವಿತ್ತು, ಆದರೆ ಅಗಿಯಲು ಆಗುತ್ತಿರಲಿಲ್ಲ.

ಡಾಕ್ಟರ ಬಳಿ

ಮೊದಲ ಎರಡು ಮೂರು ದಿನದೊಳಗೆ ಒಮ್ಮೆ ತೋರಿಸಿ. ತೀರಾ ಮಂಕಾಗಿದ್ದರೆ ಅಂದೇ ಹೋಗಿ. ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗುವ ಸಾಹಸ ಬೇಡ, ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಬಾಗಿಲಿರುವ ಪೆಟ್ಟಿಗೆ, ಬೇಕೇ ಬೇಕು. ಅದನ್ನು ಒಂದು ದಿನ ಮೊದಲೇ ಕೋಣೆಯಲ್ಲಿ ಬಾಗಿಲು ತೆರೆದಿಡಿ. ಒಯ್ಯುವಾಗ ಮೇಲೊಂದು ಟವೆಲ್ ಹೊದಿಸಿ. ಅಂದಿನ ಮಲವನ್ನು ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಒಳ್ಳೆಯದು. ಹೊಟ್ಟೆಯ ಕೆಲವು ಜಂತುಗಳು ಮೈಕ್ರೋಸ್ಕೋಪಿಗೆ ಮಾತ್ರ ಸಿಗುತ್ತವೆ.

ಮೊದಲು ಚರ್ಮದಡಿ ಗುರುತಿನ ಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಬೀದಿ ಬೆಕ್ಕು ಅಂದುಕೊಂಡದ್ದು ಯಾರದೋ ಮನೆಯ ಕಳೆದುಹೋದ ಬೆಕ್ಕಾಗಿರಬಹುದು ಅಲ್ವಾ? ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ, ಅದು ಸಂತಾನಹರಣ ಆಪರೇಷನ್ ಆಗಿರುವುದರ ಗುರುತು ಇರಬಹುದು.

ಜಂತುಹುಳುವಿನ ಔಷಧಿ ಒಂದು ಸಲಕ್ಕೆ ಮುಗಿಯುವುದಿಲ್ಲ. ಔಷಧಿ ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆ. ಮೈಯ ಬೇರೆ ಕಡೆ ಓಡಾಡುವ ಮರಿಹುಳುಗಳು ಆಮೇಲೆ ಕರುಳಿಗೆ ಬಂದು ದೊಡ್ಡದಾಗುತ್ತವೆ. ಅದಕ್ಕೇ ಸಾಮಾನ್ಯವಾಗಿ ಎರಡು ವಾರ ಬಿಟ್ಟು ಮತ್ತೆ ಕೊಡುವುದು. ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಅಂದಾಜಿನಲ್ಲಿ ಕೊಡಬೇಡಿ.

ಲಸಿಕೆಯಲ್ಲಿ ಎರಡು ಮುಖ್ಯ. ಮೇಲೆ ಹೇಳಿದ ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯೂಕೋಪೀನಿಯಾ ಮೂರಕ್ಕೂ ಒಂದೇ ಲಸಿಕೆ ಇದೆ. ಮರಿಗೆ 6ರಿಂದ 8 ವಾರದಲ್ಲಿ ಶುರುಮಾಡಿ, 3-4 ವಾರಕ್ಕೊಮ್ಮೆ 16 ವಾರದವರೆಗಾದರೂ ಹಾಕಿಸಬೇಕು. ದೊಡ್ಡ ಬೆಕ್ಕಿಗೆ 3-4 ವಾರದ ಅಂತರದಲ್ಲಿ ಎರಡು ಡೋಸ್. ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಮನುಷ್ಯರ ಡಾಕ್ಟರ ಹತ್ತಿರ ಹೋಗಿ. ಗಾಯ ಸಣ್ಣದು ಅಂತ ಉದಾಸೀನ ಮಾಡಬೇಡಿ.

ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ರಕ್ತಪರೀಕ್ಷೆಯನ್ನೂ ಮಾಡಿಸಿ. ಮೊದಲನೆಯದು ಮುಖ್ಯವಾಗಿ ಕಚ್ಚಾಟದಿಂದ ಹರಡುತ್ತದೆ. ಎರಡನೆಯದು ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆಯಲ್ಲಿ ತಿನ್ನುವುದರಿಂದಲೂ ಬರುತ್ತದೆ. ಎರಡೂ ಮನುಷ್ಯರಿಗೆ ಬರುವುದಿಲ್ಲ. ಇತ್ತೀಚೆಗಷ್ಟೇ ಸೋಂಕು ತಗುಲಿದ್ದರೆ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಹಾಗಾಗಿ 60 ದಿನ ಬಿಟ್ಟು ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಎಫ್‌ಐವಿ ಇದೆ ಅಂತ ಬಂದರೆ ಎದೆ ಒಡೆದುಕೊಳ್ಳಬೇಡಿ, ಅಂಥ ಬೆಕ್ಕುಗಳು ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬದುಕುತ್ತವೆ.

ಊಟ, ನೀರು, ಟ್ರೇ

ಬಡಕಲು ಬೆಕ್ಕನ್ನು ನೋಡಿದರೆ ಹೊಟ್ಟೆ ಬಿರಿಯುವಷ್ಟು ತಿನ್ನಿಸೋಣ ಅನ್ನಿಸುತ್ತದೆ. ಬೇಡ. ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ ಕೊಡಿ. ಬಟ್ಟಲು ತುಂಬ ಹಾಲು ಇಡುವುದನ್ನೂ ಬಿಡಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ತಾಯಿ ಇಲ್ಲದ ಎಳೇ ಮರಿಗೆ ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು. ಅದನ್ನೂ ಮರಿಯ ಮೈ ಬೆಚ್ಚಗಾದ ಮೇಲೆ ಕೊಡಬೇಕು, ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ನಾಯಿಯ ಆಹಾರವೂ ಬೆಕ್ಕಿಗೆ ಸಾಲದು. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಅದು ತಪ್ಪಿದರೆ ಕಾಲಕ್ರಮೇಣ ಕಣ್ಣು, ಹೃದಯ ಎರಡೂ ಕೆಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಊಟ ವಿಷ. ಮನೆಯಲ್ಲಿ ಲಿಲ್ಲಿ ಹೂವಿದ್ದರೆ ಹೊರಗೆ ಹಾಕಿ. ಅದರ ಪರಾಗ ಮೈಗೆ ಹತ್ತಿ ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ.

ಟ್ರೇಯನ್ನು ದಿನಾ ತೆಗೆಯಿರಿ. ವಾಸನೆಯೊಂದೇ ಕಾರಣವಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಮಲದಲ್ಲಿ ಹೊರಬಂದ ಮೇಲೆ ಅಂಟುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ತೆಗೆದರೆ ಆ ಅಪಾಯ ಬಹಳ ಕಡಿಮೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ.

ಕಾಯಬಾರದ ಹೊತ್ತು

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತಿದೆ, ಉಚ್ಚೆ ಮಾತ್ರ ಬರುತ್ತಿಲ್ಲ. ಮಲಬದ್ಧತೆ ಅಂದುಕೊಳ್ಳಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದೊಳಗೆ ಜೀವ ಹೋಗಬಹುದು, ರಾತ್ರಿಯಾದರೂ ಓಡಿ. ಬಾಯಿ ತೆರೆದು ಏದುಸಿರು ಬಿಡುವುದು, ಸೆಳವು, ಪದೇ ಪದೇ ವಾಂತಿ, ಬಿಳಿಚಿದ ಒಸಡು, ಇವೆಲ್ಲ ಅದೇ ಸಾಲಿಗೆ ಸೇರಿದವು. ಬೆಕ್ಕಿನ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿಯೇ. ಹಾಗಾಗಿ ಮುಟ್ಟಿ ನೋಡಿ ಜ್ವರ ಅಂತ ತೀರ್ಮಾನಿಸಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಕೆಲವೇ ದಿನದಲ್ಲಿ ಲಿವರ್ ಕೆಡುತ್ತದೆ.

ಆಪರೇಷನ್, ಆಮೇಲೆ ಬಾಗಿಲು

ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಮರಿಗಳಿಗೆ ಹಾಲೂಡಿಸುತ್ತಿರುವಾಗಲೂ ಮತ್ತೆ ಗಬ್ಬವಾಗಬಹುದು. ಆದ್ದರಿಂದ ಬೆಕ್ಕು ಚೇತರಿಸಿಕೊಂಡ ಕೂಡಲೇ ಆಪರೇಷನ್ನಿನ ದಿನ ಗೊತ್ತು ಮಾಡಿಕೊಳ್ಳಿ. ಗಂಡಿಗೂ ಮಾಡಿಸಿ. ಅಲೆದಾಟ, ಕಚ್ಚಾಟ ಕಡಿಮೆಯಾಗುತ್ತದೆ, ಎಫ್‌ಐವಿ ಅಂಟುವ ದಾರಿಯೂ ಅದೇ ಅಲ್ವಾ.

ಹಳೇ ಬೆಕ್ಕಿನ ಪರಿಚಯ ಮೂಗಿನಿಂದ ಶುರುವಾಗಲಿ. ರೋಗ ಲಕ್ಷಣ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದರ ಹಾಸಿಗೆಯನ್ನು ಇನ್ನೊಂದರ ಕೋಣೆಯಲ್ಲಿ ಹಾಕಿ. ಮುಚ್ಚಿದ ಬಾಗಿಲಿನ ಆಚೀಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ ಇಡಿ, ದಿನಕ್ಕೊಂದಿಷ್ಟು ತಟ್ಟೆಗಳನ್ನು ಬಾಗಿಲ ಹತ್ತಿರ ಸರಿಸಿ. ಮೊದಲೆರಡು ದಿನ ಬುಸುಗುಟ್ಟುವುದು ಇದ್ದದ್ದೇ. ಎರಡೂ ಬುಸುಗುಟ್ಟದೆ ತಟ್ಟೆ ಖಾಲಿ ಮಾಡಿದ ದಿನ, ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆಯಿರಿ.